ಶನಿಯನ್ನು ಯಾರ ಕೈಗೆ ಕೊಡುವುದು

"ಗ್ರಹಗಳು ಎಷ್ಟು?" ಎಂದು ಕೇಳಿದೆ.

"ಒಂಬತ್ತ್ರೀ ಸರ್!" ಎಂದು ಎಂಟನೇ ಇಯತ್ತೆಯ ಹುಡುಗರೆಲ್ಲ ಒಂದೇ ಬಾಯಲ್ಲಿ ಕೂಗಿದರು.

ಉತ್ತರ ಸರಿಯಾಗಿತ್ತು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದಲೇ. ತಪ್ಪು ಉತ್ತರ ಬಂದರೆ ತಿದ್ದಬಹುದು. ತಪ್ಪು ಲೆಕ್ಕದಿಂದ ಸರಿ ಉತ್ತರ ಬಂದರೆ ಮಾಸ್ತರ ಏನು ಮಾಡಬೇಕು? ಹೆಸರು ಹೇಳಿ ಎಂದೆ. ಸೂರ್ಯ, ಚಂದ್ರ ಎಂದು ಶುರುಮಾಡಿ ರಾಹು ಕೇತುವಿನವರೆಗೆ ಮಗ್ಗಿಯ ಪಾಢಾ ಒಪ್ಪಿಸಿದಂತೆ ಒಪ್ಪಿಸಿದರು. ಶನಿಯ ಹೆಸರು ಬಂದಾಗ ಎರಡು ಬೆಂಚಿನ ಹುಡುಗರು ಗಲ್ಲ ಬಡಿದುಕೊಂಡರು.

ಹಲಗೆಯ ಮೇಲೆ ಬರೆದು ಒಂದೊಂದನ್ನೇ ಅಳಿಸತೊಡಗಿದೆ. ಸೂರ್ಯ ನಕ್ಷತ್ರ, ಗ್ರಹವಲ್ಲ. ಚಂದ್ರ ಭೂಮಿಯನ್ನು ಸುತ್ತುವ ಉಪಗ್ರಹ. ರಾಹು ಕೇತು ಇಲ್ಲವೇ ಇಲ್ಲ, ಅವು ಬರೀ ಲೆಕ್ಕದ ಬಿಂದುಗಳು. ನಾಲ್ಕು ಹೋದವು. ಆ ಜಾಗಕ್ಕೆ ಯುರೇನಸ್, ನೆಪ್ಚೂನ್, ಪ್ಲೂಟೊ ಬರೆದು, ಭೂಮಿ ಎಂದು ಸೇರಿಸಿದೆ. ಮತ್ತೆ ಒಂಬತ್ತೇ ಆಯಿತು. ಹುಡುಗರು ಯುರೇನಸ್ಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನೆಪ್ಚೂನನ್ನೂ ಒಪ್ಪಿಕೊಂಡರು. ತಕರಾರು ಬಂದದ್ದು ಭೂಮಿಯ ಮೇಲೆ.

"ಭೂಮಿ ಗ್ರಹ ಹೆಂಗ ಆಕೈತ್ರಿ ಸರ್? ನಾವು ಅದರ ಮ್ಯಾಲ ನಿಂತೇವಲ್ರಿ."

"ಇಂವ ಅದರ ಮ್ಯಾಲ ಎಮ್ಮಿ ಮೇಸತಾನ್ರಿ ಸರ್," ಎಂದು ಇನ್ನೊಬ್ಬ ಹೇಳಿದ. ಎಲ್ಲರೂ ನಕ್ಕರು.

"ಗ್ರಹ ಅಂದ್ರ ಕಾಡಬೇಕ್ರಿ ಸರ್," ಎಂದು ಮೊದಲಿನವನು ನನಗೇ ತಿಳಿಸಿ ಹೇಳಿದ. "ಭೂಮಿ ಯಾರಿಗೆ ಕಾಡೈತಿ ಹೇಳ್ರಿ."

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಮೂಡಲಗಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಹುಕ್ಕೇರಿ ಕಡೆಯ ಒಂದು ಸಣ್ಣ ಹಳ್ಳಿಯ, ಊರ ಹೊರಗಿನ ಕೇರಿಯವನು. ನಮ್ಮ ಕೇರಿಯಲ್ಲಿ ಬಿ.ಎಸ್ಸಿ. ಪಾಸಾದ ಮೊದಲಿಗ ನಾನೇ. ಇದನ್ನು ನಾಚಿಕೊಂಡು ಹೇಳುವುದಿಲ್ಲ. ಬೇರೆಯವರ ಮಕ್ಕಳು ಮನೆಯ ಗಾಡಿಯಲ್ಲಿ ಕುಳಿತು ಪಾಸಾದರು, ನಾನು ಬೋರ್ಡಿಂಗಿನಲ್ಲಿ ಬಿಟ್ಟಿ ಊಟ ಮಾಡಿ, ಇನ್ನೊಬ್ಬರ ಪುಸ್ತಕ ಅವರು ಮಲಗಿದಾಗ ಓದಿ ಪಾಸಾದೆ.

ಆದರೆ ನೌಕರಿ ಹಂಗಾಮಿ. ವರ್ಷ ವರ್ಷ ಹೊಸದಾಗಿ ಆರ್ಡರು ಕೊಡುತ್ತಿದ್ದರು. ಅದು ಕಾಯಂ ಆಗುವುದನ್ನು ನನಗಿಂತ ಹೆಚ್ಚು ಕಾಯುತ್ತಿದ್ದವನು ನಮ್ಮಪ್ಪ. ಅವನು ಊರ ಚಾಕರಿಯವನು. ಚಾವಡಿಯಿಂದ ಕರೆ ಬಂದರೆ ಉಣ್ಣುವ ತಾಟು ಬಿಟ್ಟು ಏಳಬೇಕು. ನಿರೋಪ ಒಯ್ಯಬೇಕು, ಬಂದ ಸಾಹೇಬರ ಸಾಮಾನು ಹೊರಬೇಕು, ಯಾರದೋ ದನ ಸತ್ತರೆ ಎಳೆಯಬೇಕು. ಕಾಯದೆ ಏನೇ ಹೇಳಲಿ, ನಮ್ಮೂರು ಹೇಳುತ್ತಿದ್ದುದು ಬೇರೆ. ಚಾಕರಿ ಬಿಟ್ಟರೆ ಊರವರು ಹೊಲದ ಕೆಲಸಕ್ಕೂ ಕರೆಯುವುದಿಲ್ಲ. ಅದಕ್ಕೇ ಅಪ್ಪ ಒಂದು ಮಾತು ಹೇಳಿದ್ದ: "ನಿನ್ನ ನೌಕರಿ ಕಾಯಂ ಆಗ್ಲಿ ತಮ್ಮಾ. ಅವತ್ತ ಚಾವಡಿಗೆ ಹೋಗಿ, ಇನ್ನ ನಾ ಬರಂಗಿಲ್ಲ ಅಂತ ಹೇಳಿ ಬರತೇನಿ. ಅಲ್ಲೀತನಕ ಯಾರನ್ನೂ ಎದುರು ಹಾಕ್ಕೊಳ್ಳೂದು ಬ್ಯಾಡ."

ಆ ವರ್ಷ ಹೆಡ್‌ಮಾಸ್ತರರು ನನ್ನನ್ನು ಕರೆದು, "ಮಾಸ್ತರ, ಇನ್‌ಸ್ಪೆಕ್ಟರ್ ಸಾಹೇಬ್ರು ಬರೋರದಾರ. ನಿಮ್ಮ ಪಾಠ ನೋಡತಾರ. ಪಾಠ ಚೊಲೋ ಆದ್ರ ಜೂನಿಗೆ ಕಾಯಂ ಮಾಡ್ರಿ ಅಂತ ನಾನ ಕಮಿಟಿಗೆ ಹೇಳತೇನಿ," ಎಂದರು. ಅವರು ಹೇಳಿದರೆ ಹೇಳುವವರೇ. ಊರಲ್ಲಿ ಯಾರೂ ನನಗೆ ಬಾಡಿಗೆ ಮನೆ ಕೊಡದಿದ್ದಾಗ ಸಾಲೆಯ ಹಿಂದಿನ ಸಾಮಾನಿನ ಖೋಲಿ ಖಾಲಿ ಮಾಡಿಸಿ ಕೊಟ್ಟವರು ಅವರೇ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದೆ ಹೇಳುವುದು ಸುಳ್ಳಾಗುತ್ತದೆ.

ನಮ್ಮ ಪ್ರಯೋಗಶಾಲೆ ಎಂದರೆ ಒಂದು ಕಪಾಟು. ಅದರಲ್ಲಿ ಒಂದು ಅಯಸ್ಕಾಂತ, ಮೂಲೆ ಒಡೆದ ಒಂದು ಪ್ರಿಸಮ್, ಕೀಲಿ ಕಳೆದ ಒಂದು ಪೆಟ್ಟಿಗೆ. ಇವುಗಳಿಂದ ಸಾಹೇಬರಿಗೆ ಏನು ತೋರಿಸುವುದು? ಸೌರಮಂಡಲವನ್ನೇ ಮೈದಾನದಲ್ಲಿ ನಿಲ್ಲಿಸೋಣ ಎಂದುಕೊಂಡೆ. ಸುಣ್ಣದ ಪುಡಿಯಿಂದ ಕಕ್ಷೆಗಳನ್ನು ಎಳೆಯುವುದು, ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಗ್ರಹ ಹಿಡಿದು ತನ್ನ ಗೆರೆಯ ಮೇಲೆ ನಡೆಯುವುದು, ನಡೆಯುತ್ತ ಅದರ ಬಗ್ಗೆ ನಾಲ್ಕು ಮಾತು ಹೇಳುವುದು.

ಗ್ರಹಗಳನ್ನು ಮಾಡಿಸಲು ಗೋಕಾಕಕ್ಕೆ ಹೋದೆ. ಅಲ್ಲಿಯ ಗೊಂಬೆ ಮಾಡುವವರು ಕಟ್ಟಿಗೆಯಲ್ಲಿ ಹಣ್ಣು ಕೆತ್ತಿ ಬಣ್ಣ ಕೊಟ್ಟರೆ ಗಿಳಿ ಬಂದು ಕುಕ್ಕಬೇಕು, ಅಂಥ ಕೈ. ಒಬ್ಬ ಹಿರಿಯರಿಗೆ ಕಾಗದದ ಮೇಲೆ ಗಾತ್ರ ಬರೆದು ತೋರಿಸಿ, ಗುಂಡಗೆ, ಬರೀ ಗುಂಡಗೆ ಮಾಡಿರಿ ಎಂದು ಹೇಳಿ ಬಂದೆ. ಹದಿನೈದು ದಿನ ಬಿಟ್ಟು ಹೋದರೆ ಎಲ್ಲವೂ ಚೆಂದಾಗಿ ತಯಾರಾಗಿದ್ದವು. ಆದರೆ ಪ್ರತಿಯೊಂದಕ್ಕೂ ತೊಟ್ಟು ಇತ್ತು. ಮಂಗಳಕ್ಕೆ ದಾಳಿಂಬೆಯ ಮೂತಿ. ಗುರುವಿಗೆ ತೊಟ್ಟಿನ ಜೊತೆ ಒಂದು ಹಸಿರು ಎಲೆ.

"ಇದೇನ್ರಿ ಕಾಕಾ?"

"ತೊಟ್ಟ ಇಲ್ದ ಹಣ್ಣ ಯಾರ ತಗೋತಾರ್ರಿ ಮಾಸ್ತರ?"

"ಇವು ಹಣ್ಣಲ್ಲರಿ, ಗ್ರಹ."

"ಗೊತ್ತೈತ್ರಿ. ಆದ್ರ ಕೈ ಕೇಳಬೇಕಲ್ರಿ," ಎಂದು ಅವರು ಕೈಯನ್ನೇ ಬೈಯುವಂತೆ ನೋಡಿಕೊಂಡರು. ನನಗೆ ಸಿಟ್ಟು ಬಂದಿತ್ತು. ಅವರ ಎದುರಿಗೇ ಒಂದೊಂದು ತೊಟ್ಟನ್ನೂ ಮುರಿದೆ. ಮುರಿದಲ್ಲಿ ಅವರು ಸುಮ್ಮನೆ ಬಣ್ಣ ತೀಡುತ್ತ ಹೋದರು.

ಎಣಿಸಿದರೆ ಶನಿ ಇರಲಿಲ್ಲ. ಕೇಳಿದೆ. ಅವರು ಒಳಗೆ ಹೋಗಿ ಕರಿಯ ಅರಿವೆಯಲ್ಲಿ ಸುತ್ತಿದ್ದ ಗಂಟೊಂದನ್ನು ತಂದರು. ಕೈ ಚಾಚಿದೆ. ಅವರು ಕೊಡಲಿಲ್ಲ; ನನ್ನ ಕಾಲ ಮುಂದೆ ನೆಲದ ಮೇಲೆ ಇಟ್ಟರು.

"ಇದನ್ನ ಕೈಯಾಗ ಕೊಡಂಗಿಲ್ರಿ. ತಗೋರಿ."

ನೆಲದ ಮೇಲೆ ಇಟ್ಟದ್ದನ್ನು ಎತ್ತಿಕೊಳ್ಳುವುದು ನನಗೆ ಹೊಸದಲ್ಲ. ಹುಡುಗನಾಗಿದ್ದಾಗ ಅಂಗಡಿಯ ಬೆಲ್ಲವನ್ನೂ ಹಾಗೆಯೇ ಎತ್ತಿಕೊಂಡಿದ್ದೇನೆ. ಈ ಸಲ ಇಟ್ಟದ್ದು ಶನಿಗಾಗಿಯೋ ನನಗಾಗಿಯೋ ಎಂದು ಅವರ ಮುಖ ನೋಡಿದೆ. ಶನಿಗಾಗಿಯೇ ಇರಬೇಕು; ಉಳಿದವನ್ನೆಲ್ಲ ಕೈಗೇ ಕೊಟ್ಟಿದ್ದರು. ಅರಿವೆ ಬಿಚ್ಚಿದೆ. ಒಂಬತ್ತರಲ್ಲಿ ಚೆಲುವಾದದ್ದು ಅದೇ. ಎಳೆ ಅರಿಸಿನ ಬಣ್ಣ, ಸುತ್ತ ತಗಡಿನ ತೆಳ್ಳನೆಯ ಬಳೆ. ಅದೊಂದಕ್ಕೆ ಮಾತ್ರ ತೊಟ್ಟು ಇಟ್ಟಿರಲಿಲ್ಲ.

ಮೂಡಲಗಿಗೆ ತಂದು ಹಂಚತೊಡಗಿದೆ. ಎಲ್ಲರಿಗಿಂತ ಎತ್ತರದ ಹುಡುಗ ಹಳದಿ ಕಾಗದ ಅಂಟಿಸಿದ ಮೊರ ಹಿಡಿದು ನಡುವೆ ಸೂರ್ಯನಾದ. ಕಿರಾಣಿ ಅಂಗಡಿಯ ಜೈನ ಸಾಹುಕಾರರ ಮಗಳು ಶುಕ್ರ ಬೇಕೆಂದಳು, ಕೊಟ್ಟೆ. ಭೂಮಿ ಯಾರಿಗೂ ಬೇಡವಾಗಿತ್ತು. ಎಮ್ಮೆ ಮೇಸುವವನಿಗೇ ಕಟ್ಟಿದೆ. ಪ್ಲೂಟೊ ಹಿಡಿದವನು ಕಂಪೌಂಡಿನ ಗೋಡೆಯ ಹತ್ತಿರ ನಿಲ್ಲಬೇಕಾಯಿತು. ಅವನು ಅಲ್ಲಿಂದ, "ನನಗೇನೂ ಕೇಳವಲ್ದರಿ ಸರ್!" ಎಂದು ಒದರುತ್ತಲೇ ಇದ್ದ. ಗುರುವನ್ನು ತುಕ್ಕಾನಟ್ಟಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನಿಗೆ ಕೊಟ್ಟೆ. ನನ್ನಂತೆಯೇ ಕೇರಿಯವನು, ಆ ವರ್ಗಕ್ಕೆ ಅವನೊಬ್ಬನೇ. ಕೇರಿಯವನೆಂದು ಕೊಡಲಿಲ್ಲ. ಓದಿದ್ದನ್ನು ತೊದಲದೆ ಹೇಳುತ್ತಿದ್ದವನು ಅವನು, ಗುರುವಿನ ಮಾತು ಎಲ್ಲಕ್ಕಿಂತ ಉದ್ದ.

ಶನಿ ಉಳಿಯಿತು.

"ಯಾರ ಹಿಡೀತೀರಿ?"

ಯಾರೂ ಇಲ್ಲ. ಹೆಸರು ಹಿಡಿದು ಕರೆದೆ. ಕರೆದವನು ಎರಡೂ ಕೈ ಬೆನ್ನ ಹಿಂದೆ ಒಯ್ದ. "ಬ್ಯಾಡ್ರಿ ಸರ್, ಮನ್ಯಾಗ ಅವ್ವ ಹೊಡಿತಾಳ್ರಿ." ಮತ್ತೊಬ್ಬನ ಅಣ್ಣನ ಲಗ್ನ ಗೊತ್ತಾಗಿತ್ತಂತೆ. ಶುಕ್ರನನ್ನು ಹಿಡಿದವಳು, "ನಮ್ಮ ಮನ್ಯಾಗೂ ನಡಿಯಂಗಿಲ್ರಿ," ಎಂದಳು. ಇದು ಕಟ್ಟಿಗೆ, ಒಂಬತ್ತರಲ್ಲಿ ಚಂದ ಇರುವುದು ಇದೊಂದೇ ಎಂದೆ. ಬೆರಳಿನಿಂದ ಬಾರಿಸಿ ತೋರಿಸಿದೆ. ಆಕಾಶದ ಶನಿಯಾದರೂ ಎಷ್ಟು ಹಗುರ ಎಂದರೆ, ಅದು ಹಿಡಿಸುವಷ್ಟು ನೀರು ಸಿಕ್ಕರೆ ತೇಲುತ್ತದೆ ಎಂದೆ.

"ಘಟಪ್ರಭಾದಾಗ ತೇಲತೈತೇನ್ರಿ?"

"ತೇಲತೈತಿ."

"ಹಂಗಾರ ಬಿಟ್ಟಬಿಡ್ರಿ ಸರ್, ಹೋಗ್ಲಿ ಅತ್ಲಾಗ."

ಆಗ ಹಿಂದಿನಿಂದ ಒಬ್ಬ, ಕೆಟ್ಟ ಮನಸ್ಸಿನಿಂದಲ್ಲ, ಲೆಕ್ಕಕ್ಕೆ ಸುಲಭದ ದಾರಿ ತೋರಿಸುವವನಂತೆ ಹೇಳಿದ: "ಅವಂಗ ಕೊಡ್ರಿ ಸರ್. ಅವರಿಗೆ ಏನೂ ಆಗಂಗಿಲ್ಲ." ಬೆರಳು ಗುರುವನ್ನು ಹಿಡಿದು ನಿಂತಿದ್ದ ಹುಡುಗನ ಕಡೆಗಿತ್ತು. ಉಳಿದವರು, "ಹೌದ್ರಿ ಸರ್, ಹೌದ್ರಿ," ಎಂದು ಖುಷಿಯಿಂದ ತಲೆಯಾಡಿಸಿದರು. ಅಂದಿನ ತಾಲೀಮು ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಒಳಗೆ ಕಳಿಸಿದೆ.

ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿತು. ಶನಿಯನ್ನು ಸ್ಟೂಲಿನ ಮೇಲೆ ಇಟ್ಟು ನಾನೇ ವಿವರಿಸುತ್ತೇನೆ ಎಂದೆ.

"ಎಲ್ಲಾ ತಿರಗತಾವ, ಶನಿ ಸ್ಟೂಲ ಮ್ಯಾಲ ಕುಂದರತೈತೇನ್ರಿ ಮಾಸ್ತರ? ಸಾಹೇಬ್ರು ನಗತಾರ. ಆ ತುಕ್ಕಾನಟ್ಟಿ ಹುಡುಗಗ ಕೊಡ್ರಿ, ಮುಗದ್ಹೋತು. ಅವರಿಗೆ ಜಾತಕಾನ ಇರಂಗಿಲ್ಲ, ಶನಿ ಎಲ್ಲಿಂದ ಕಾಡಬೇಕು?"

"ನನಗೂ ಜಾತಕ ಇಲ್ರಿ ಸರ್," ಎಂದೆ.

ನಿಜವೇ. ಪಂಚಾಂಗ ಹಿಡಿದವರು ನಮ್ಮ ಕೇರಿಗೆ ಬಂದದ್ದೇ ಇಲ್ಲ. ನಾನು ಹುಟ್ಟಿದ ಗಳಿಗೆಯಲ್ಲಿ ಶನಿ ಎಲ್ಲಿದ್ದ ಎಂದು ಯಾರೂ ನೋಡಲಿಲ್ಲ. ಹಾಗಿದ್ದೂ ನಮ್ಮ ಕೇರಿಯನ್ನು ಕಾಡಿದಷ್ಟು ಇನ್ಯಾರನ್ನೂ ಏನೂ ಕಾಡಿಲ್ಲ.

"ನಾ ನಿಮಗ ಅಂದಿಲ್ರಿ," ಎಂದು ಹೆಡ್‌ಮಾಸ್ತರರು ಕನ್ನಡಕ ಒರೆಸಿಕೊಂಡರು. "ನನಗ ಸಾಡೇಸಾತಿ ನಡದೈತಿ. ಈ ವರ್ಷ ಏನೂ ಕೆಡಬಾರದು, ಅಷ್ಟ ನನ್ನ ಮಾತು."

ಸಾಹೇಬರು ಬರುವ ದಿನ ಅವರನ್ನು ಇಳಿದುಕೊಂಡಿದ್ದ ಬಂಗ್ಲೆಯಿಂದ ಕರೆತರಲು ಹೆಡ್‌ಮಾಸ್ತರರು ನನ್ನನ್ನೇ ಕಳಿಸಿದರು. ಇದು ಮಾನವೆಂದೇ ತಿಳಿದು ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದೆ. ಸಾಹೇಬರ ಜೊತೆ ತಿರುಗಿ ಬಂದು ಮೈದಾನ ನೋಡಿದರೆ ಎಲ್ಲರೂ ತಮ್ಮ ಗೆರೆಯ ಮೇಲೆ ನಿಂತಿದ್ದರು. ನಾನು ಶನಿಯ ಗೆರೆಯ ಮೇಲೆ ಇಟ್ಟು ಹೋಗಿದ್ದ ಸ್ಟೂಲು ಇರಲಿಲ್ಲ. ಗುರು, ಅದೇ ವರ್ಗದಲ್ಲಿ ಓದುತ್ತಿದ್ದ ಕಮಿಟಿಯ ಚೇರಮನ್ನರ ಸೋದರಳಿಯನ ಕೈಯಲ್ಲಿತ್ತು. ತುಕ್ಕಾನಟ್ಟಿಯ ಹುಡುಗ ಶನಿಯನ್ನು ಹಿಡಿದು ನಿಂತಿದ್ದ. ಹೆಡ್‌ಮಾಸ್ತರರು ನನ್ನ ಕಡೆ ನೋಡಿ, ನಿನ್ನ ಕೆಲಸ ಹಗುರ ಮಾಡಿದ್ದೇನೆ ಎಂಬಂತೆ ಕಣ್ಣು ಮುಚ್ಚಿ ತೆಗೆದರು.

ಪಾಠ ಶುರುಮಾಡಲೇಬೇಕಾಯಿತು. ಬುಧ ಓಡಿದ, ಶುಕ್ರ ನಡೆದಳು. ಭೂಮಿಯನ್ನು ಹಿಡಿದವನು, "ನಾನೂ ಗ್ರಹ ಅದೇನಿ, ಆದರ ಕಾಡಂಗಿಲ್ಲ," ಎಂದು ತನ್ನದೊಂದು ಮಾತು ಸೇರಿಸಿದ. ಸಾಹೇಬರು ನಕ್ಕರು. ಗುರುವಿನ ಸರದಿ ಬಂದಾಗ ಚೇರಮನ್ನರ ಸೋದರಳಿಯ ಮೊದಲ ಮಾತಿಗೇ ಮುಗ್ಗರಿಸಿದ. ಎರಡನೆಯದು ಬರಲೇ ಇಲ್ಲ.

"ಇರ್ಲಿ, ಮುಂದ?" ಎಂದರು ಸಾಹೇಬರು.

ಮುಂದೆ ಶನಿ. ಆಗ ನೋಡಿದೆ: ಶನಿಯ ಆಚೆ ಈಚೆ ಇದ್ದ ಹುಡುಗರು ನಾನು ಎಳೆದಿದ್ದ ಗೆರೆ ಬಿಟ್ಟು ಸರಿದು ನಿಂತಿದ್ದರು. ಗುರು ಮಂಗಳನ ಹತ್ತಿರ ಹೋಗಿದ್ದ, ಯುರೇನಸ್ ನೆಪ್ಚೂನಿನ ಪಕ್ಕಕ್ಕೆ. ನಡುವೆ ಅಷ್ಟಗಲ ಬಯಲು, ಅದರಲ್ಲಿ ಅವನೊಬ್ಬ. ನಾನು ಸುಣ್ಣದಲ್ಲಿ ಬರೆದದ್ದು ಸೌರಮಂಡಲ. ಅವರು ಕಾಲಿನಿಂದ ಅಳಿಸಿ ಬರೆದದ್ದು ನಮ್ಮೂರು.

ಹೋಗಿ ಹುಡುಗನ ಕೈಯಿಂದ ಶನಿಯನ್ನು ತೆಗೆದುಕೊಂಡೆ. ಕೆಳಗೆ ಇಡಲು ಸ್ಟೂಲಿಲ್ಲ. ಹತ್ತಿರ ನಿಂತಿದ್ದವರು ಹೆಡ್‌ಮಾಸ್ತರರು.

"ಸರ್, ಇದನ್ನ ಒಂದಿಷ್ಟ ಹಿಡೀರಿ. ಹುಡುಗ ತನ್ನ ಜಾಗಾಕ ಹೋಗಬೇಕು."

ಮೇಲಧಿಕಾರಿ ಎದುರಿಗೆ ನಿಂತಿರುವಾಗ ಯಾರ ಕೈಯಾದರೂ ತಾನಾಗಿ ಮುಂದೆ ಬರುತ್ತದೆ. ಅವರ ಕೈಯೂ ಬಂತು. ಕೊಟ್ಟೆ. ಅವರ ಮುಖದ ಬಣ್ಣ ಹೋಯಿತು. ಆದರೆ ಎಸೆಯಲಿಲ್ಲ, ಬಿಡಲಿಲ್ಲ. ಗುರುವನ್ನು ಇಸಿದುಕೊಂಡು ಹುಡುಗನ ಕೈಯಲ್ಲಿ ಇಟ್ಟೆ. ಅವನು ನೆಲ ನೋಡುತ್ತಲೇ ಆ ಉದ್ದನೆಯ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ.

ಶನಿಯದನ್ನು ನಾನೇ ಹೇಳಿದೆ. "ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು ಮೂವತ್ತು ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದರಲ್ಲಿ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಸಾಡೇಸಾತಿ ಎನ್ನುವುದು ಇದೇ. ಹಿರಿಯರ ಲೆಕ್ಕ ಸರಿ ಇದೆ. ಅದರ ಮೇಲೆ ಕೂರಿಸಿದ ಹೆದರಿಕೆ ಮಾತ್ರ ತಪ್ಪು."

ಸಾಹೇಬರಿಗೆ ಇದು ಹಿಡಿಸಿತು. "ಹೆಡ್‌ಮಾಸ್ತರ್ರೇ, ನೀವೂ ಒಂದು ಸುತ್ತು ಹಾಕ್ರಿ ನೋಡೋಣು," ಎಂದರು. ಹೆಡ್‌ಮಾಸ್ತರರು ಸುತ್ತು ಹಾಕಿದರು. ತುಟಿ ಅಲುಗುತ್ತಿತ್ತು, ಯಾವ ದೇವರನ್ನು ಕರೆದರೋ. ಹುಡುಗರು ನಗು ತಡೆದುಕೊಂಡು ಕೆಂಪಾಗಿದ್ದರು. ಗೋಡೆಯ ಹತ್ತಿರದಿಂದ ಪ್ಲೂಟೊ ಮಾತ್ರ, "ಅಲ್ಲಿ ಏನ್ ನಡದೈತ್ರೋ?" ಎಂದು ಒದರಿದ.

ಎಲ್ಲ ಮುಗಿದ ಮೇಲೆ ತುಕ್ಕಾನಟ್ಟಿಯ ಹುಡುಗ ನನ್ನ ಖೋಲಿಯ ಬಾಗಿಲಿಗೆ ಬಂದ. ಶಾಬ್ಬಾಸ್ ಎನ್ನಬೇಕೆಂದಿದ್ದೆ. ಅವನ ಮುಖ ಹಾಗಿರಲಿಲ್ಲ.

"ಶನಿ ಯಾಕ ಕಸಗೊಂಡ್ರಿ ಸರ್?"

"ನಿನ್ನ ಕೈಯಾಗ ಯಾಕ ಕೊಟ್ರು, ಗೊತ್ತೈತೇನು?"

"ಗೊತ್ತೈತ್ರಿ. ಆದ್ರ ಅದರ ಮಾತು ಅಷ್ಟೂ ಬಾಯಿಪಾಠ ಮಾಡಿದ್ನಿರಿ. ಗುರೂಂದು ಮೊದಲ ಬರತಿತ್ತು."

ಅವನಿಗೆ ತಿಳಿಸಿ ಹೇಳಿದೆ. ಎಲ್ಲರೂ ಬೇಡವೆಂದದ್ದನ್ನು ನಮ್ಮ ಕೈಗೆ ಇಡುವುದು ಎಂದರೇನು, ಅದನ್ನು ಸುಮ್ಮನೆ ಹಿಡಿದುಕೊಂಡರೆ ಏನಾಗುತ್ತದೆ, ಎಲ್ಲ ಹೇಳಿದೆ. ಅವನು ಮರ್ಯಾದೆಯಿಂದ ಕೇಳಿದ. ಕೊನೆಗೆ, "ಚಂದ ಇರೋದು ಅದೊಂದ ಅಂತ ನೀವ ಹೇಳಿದ್ರೆಲ್ಲರಿ," ಎಂದು ಹೋಗಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಕೇಳಿದರೆ ಆಗಲೂ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಸಾಹೇಬರು ಪಾಠ ಉತ್ತಮವೆಂದು ಬರೆದು ಹೋದರು. ಹೆಡ್‌ಮಾಸ್ತರರು ಮರುದಿನ ರಜೆ ಹಾಕಿ ಶನಿದೇವರಿಗೆ ಎಣ್ಣೆ ಎರೆದು ಬಂದರು. ಕಮಿಟಿ ಕೂಡಿದ ದಿನ ಚೇರಮನ್ನರು ನನ್ನನ್ನು ಕರೆಸಿದರು. "ಪಾಠದ ಬಗ್ಗೆ ಎರಡ ಮಾತಿಲ್ರಿ ಮಾಸ್ತರ. ಆದ್ರ ದೊಡ್ಡವರು ಸಣ್ಣವರು ಅನ್ನೂದು ಕಲೀಬೇಕಲ್ಲ? ಇನ್ನೊಂದ ವರ್ಷ ಹಂಗಾಮಿ ಇರ್ರಿ. ಮುಂದ ನೋಡೋಣು." ಹೆಡ್‌ಮಾಸ್ತರರು ಪಕ್ಕದಲ್ಲೇ ಕುಳಿತು ಮೇಜಿನ ಮೇಲಿನ ಮಸಿದೌತಿಯನ್ನು ನೋಡುತ್ತಿದ್ದರು. ನನ್ನ ಪರವಾಗಿ ಹೇಳುತ್ತೇನೆಂದವರು ಹೇಳಲಿಲ್ಲ. ವಿರುದ್ಧವಾಗಿಯೂ ಹೇಳಲಿಲ್ಲವಂತೆ. ಅದನ್ನು ಒಂದು ಉಪಕಾರವೆಂದು ಗುಮಾಸ್ತ ನನಗೆ ಆಮೇಲೆ ತಿಳಿಸಿದ.

ರವಿವಾರ ಊರಿಗೆ ಹೋದೆ. ಅಪ್ಪ ಉಣ್ಣಲು ಕುಳಿತಿದ್ದ. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಹೆಡ್‌ಮಾಸ್ತರರು ಸುತ್ತು ಹಾಕಿದ್ದನ್ನು ಹೇಳಿದಾಗ ಅವನು ರೊಟ್ಟಿ ಗಂಟಲಲ್ಲಿ ಸಿಕ್ಕುವಷ್ಟು ನಕ್ಕ. "ಅವರ ಕೈಯಾಗ ಕೊಟ್ಟಿ? ಎಲ್ಲಾರ ಮುಂದ? ಏ, ಕೇಳಿದೇನ, ನಿನ್ನ ಮಗ ಹೆಡ್‌ಮಾಸ್ತರಗ ಶನಿ ಹಿಡಿಸಿದ್ನಂತ!" ಎಂದು ಅವ್ವನನ್ನು ಒಲೆಯ ಮುಂದಿನಿಂದ ಕರೆದ. ಆಮೇಲೆ ನೀರು ಕುಡಿದು ಕೇಳಿದ:

"ಮತ್ತ, ಕಾಯಂ ಆತಿಲ್ಲ?"

"ಇಲ್ಲ. ಇನ್ನೊಂದ ವರ್ಷ ಅಂದ್ರು."

ನಗು ನಿಂತಿತು. ಇನ್ನೊಂದು ತುತ್ತು ರೊಟ್ಟಿ ಮುರಿದ.

"ಆ ಹುಡುಗ ಹಿಡದ ನಿಂತಿದ್ದನಲ್ಲ ತಮ್ಮಾ. ಅಳತಿದ್ದಿಲ್ಲ, ಬ್ಯಾಡ ಅಂದಿದ್ದಿಲ್ಲ. ನಿನಗೇನ ಆಗಿತ್ತು?"

"ಅವನ ಯಾಕ ಹಿಡೀಬೇಕಪ್ಪಾ?"

"ನಾ ಯಾಕ ಹಿಡದೇನಿ ಇಷ್ಟ ವರ್ಷ?"

ಅಷ್ಟರಲ್ಲಿ ಹೊರಗೆ ಚಾವಡಿಯ ಆಳಿನ ಧ್ವನಿ ಕೇಳಿತು. ಯಾರೋ ಸಾಹೇಬರ ಸಾಮಾನು ಬಂದಿದೆ, ರಸ್ತೆಗೆ ಬಾ ಎಂದು. ಅಪ್ಪ ಕೈ ತೊಳೆದುಕೊಂಡು ಎದ್ದ.

"ನೀ ಕುಂದ್ರು. ನಾ ಹೋಗತೇನಿ," ಎಂದೆ.

ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮೊದಲು ನೋಡಿರಲಿಲ್ಲ. "ಬಿ.ಎಸ್ಸಿ. ಆದಾಂವ ಪೆಟ್ಟಿಗಿ ಹೊರಾಕ ಹೋಗತಿ? ಹಂಗಾರ ನಾ ಹೊತ್ತದ್ದು ಎದಕ್ಕ?" ಎಂದವನು ರುಮಾಲು ಸುತ್ತಿಕೊಳ್ಳುತ್ತಲೇ ಹೊರಗೆ ನಡೆದ.

ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಸೋಮವಾರ ಸಾಲೆ ಇತ್ತು, ಸಂಜೆಯ ಬಸ್ಸು ಹಿಡಿಯಬೇಕಿತ್ತು. ಬಸ್ಸಿನ ಹೊತ್ತಾಗುವವರೆಗೂ ಕಟ್ಟೆಯ ಮೇಲೆ ಕುಳಿತು ಕಾದೆ. ಅಪ್ಪ ಬರಲಿಲ್ಲ.